ದಿನಾ ಓಡಿಸುವ ಟ್ರಕ್ಕಿಗೆ ಸಾಲಿಡ್ ಆಕ್ಸಲ್ ಬೇಕಾ? ಅಳೆದು, ಬಿಚ್ಚಿ, ಓಡಿಸಿ ನೋಡಿದ ಲೆಕ್ಕ

ನನ್ನದು 1994ರ ಟೊಯೋಟಾ ಪಿಕಪ್. ಫೋರ್ ವೀಲ್ ಡ್ರೈವ್, 22ಆರ್‌ಇ ಇಂಜಿನ್, ಐದು ಗೇರಿನ ಮ್ಯಾನ್ಯುಯಲ್. ಬೇರೆ ದೇಶಗಳಲ್ಲಿ ಹೈಲಕ್ಸ್ ಅನ್ನುವ ಗಾಡಿಯನ್ನೇ ಅಮೆರಿಕದಲ್ಲಿ ಆಗ ಸುಮ್ನೆ ಪಿಕಪ್ ಅಂತ ಮಾರುತ್ತಿದ್ದರು. ನಮ್ಮ ಮನೆ ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ. ವಾರದ ದಿನ ಈ ಗಾಡಿ ಹೈವೇ 50 ಹಿಡಿದು ಪಶ್ಚಿಮಕ್ಕೆ, ಸ್ಯಾಕ್ರಮೆಂಟೊದ ಆಫೀಸಿಗೆ ಹೋಗುತ್ತದೆ. ರಜೆ ಸಿಕ್ಕರೆ ಅದೇ ಹೈವೇಯಲ್ಲಿ ಪೂರ್ವಕ್ಕೆ, ಸಿಯೆರಾ ನೆವಾಡಾ ಬೆಟ್ಟದ ಕಲ್ಲು ದಾರಿಗಳಿಗೆ. ಎರಡೂ ಕೆಲಸಕ್ಕೆ ಇರುವುದು ಇದೊಂದೇ. ಮನೆಯಲ್ಲಿರುವ ಇನ್ನೊಂದು ಕಾರು ಹೆಂಡತಿಯ ಡ್ಯೂಟಿಗೆ ಬೇಕೇ ಬೇಕು, ಅದನ್ನು ಕೇಳುವ ಹಾಗಿಲ್ಲ.

ಈ ಮಾಡೆಲ್ ಇಟ್ಟುಕೊಂಡವರ ತಲೆಗೆ ಒಂದಲ್ಲ ಒಂದು ದಿನ ಒಂದು ಹುಳ ಹೊಕ್ಕೇ ಹೊಗುತ್ತದೆ. ಮುಂದಿನ ಇಂಡಿಪೆಂಡೆಂಟ್ ಸಸ್ಪೆನ್ಷನ್ ಅನ್ನು, ಅಂದರೆ ಐಎಫ್‌ಎಸ್ ಅನ್ನು, ಕತ್ತರಿಸಿ ಬಿಸಾಕಿ ಅಲ್ಲಿ ಸಾಲಿಡ್ ಆಕ್ಸಲ್, ಅಂದರೆ ಎರಡೂ ಚಕ್ರವನ್ನು ಸೇರಿಸುವ ಒಂದೇ ಗಟ್ಟಿ ಅಚ್ಚು, ಕೂರಿಸಿದರೆ ಹೇಗೆ ಅಂತ. ಹುಳ ಹೊಗಲು ಕಾರಣವೂ ಇದೆ. 1979ರಲ್ಲಿ ಈ ಫೋರ್ ವೀಲ್ ಡ್ರೈವ್ ಪಿಕಪ್ ಅಮೆರಿಕಕ್ಕೆ ಬಂದಾಗ ಮುಂದೆ ಇದ್ದದ್ದು ಸಾಲಿಡ್ ಆಕ್ಸಲ್ಲೇ. 1985ರ ಮಾಡೆಲ್‌ವರೆಗೂ ಹಾಗೇ ಇತ್ತು. 1986ರಿಂದ ಟಾರ್ಷನ್ ಬಾರ್ ಇರುವ ಐಎಫ್‌ಎಸ್ ಬಂತು. 1995ರಲ್ಲಿ ಈ ಪಿಕಪ್ಪಿನ ಜಾಗಕ್ಕೆ ಟಕೋಮಾ ಬರುವವರೆಗೆ ಅದೇ ನಡೆಯಿತು. ಹಳೆ ಆಕ್ಸಲ್ಲಿನ ಡಿಫರೆನ್ಷಿಯಲ್, ಅಂದರೆ ಎಡ ಬಲ ಚಕ್ರಕ್ಕೆ ಬಲ ಹಂಚುವ ಗೇರಿನ ಉಂಡೆ, ಬಲಗಡೆ ಇದೆ. ಇಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ನನ್ನ ಗಾಡಿಯಲ್ಲಿ ಮುಂದಕ್ಕೆ ಹೋಗುವ ಶಾಫ್ಟೂ ಬಲಗಡೆಯೇ. ಅಂದರೆ ಎರಡೂ ನೇರಕ್ಕೆ ಬರುತ್ತವೆ. ಟಕೋಮಾದವರಿಗೆ ಈ ಭಾಗ್ಯ ಇಲ್ಲ, ಅವರದು ಎಡಕ್ಕೆ ಹೋಯಿತು.

ನಾನು ಬೆಳೆದದ್ದು ಸಕಲೇಶಪುರದ ಕಡೆ. ಅಲ್ಲಿನ ಎಸ್ಟೇಟ್ ಜೀಪುಗಳು, ಮಹೀಂದ್ರ ಎಂಎಂ 540 ಆಗಲಿ ಅದಕ್ಕೂ ಹಳೆಯವಾಗಲಿ, ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಕಮಾನ್ ಪಟ್ಟಿ. ಕಾಫಿ ತೋಟದ ಕೆಸರಿನಲ್ಲಿ ಅವು ಹತ್ತುವುದನ್ನು ನೋಡಿದವರಿಗೆ ಸಾಲಿಡ್ ಆಕ್ಸಲ್ ಮೇಲೆ ಅನುಮಾನ ಬರುವುದಿಲ್ಲ. ಅದೇ ಜೀಪಿನಲ್ಲಿ ಹಾಸನಕ್ಕೆ ಹೋಗಿ ಬಂದವರಿಗೆ ಸೊಂಟ ಬೇರೆ ಕಥೆ ಹೇಳುತ್ತದೆ.

ಕೆಲಸ ಮಾಡುವ ಬಗೆ ಇಷ್ಟೇ. ಸಾಲಿಡ್ ಆಕ್ಸಲ್ ತಕ್ಕಡಿಯ ಕೋಲಿನ ಹಾಗೆ. ಎಡ ಚಕ್ರ ಕಲ್ಲು ಹತ್ತಿದರೆ ಬಲ ಚಕ್ರ ಕೆಳಕ್ಕೆ ಒತ್ತುತ್ತದೆ, ಎರಡೂ ನೆಲ ಬಿಡುವುದಿಲ್ಲ. ಐಎಫ್‌ಎಸ್‌ನಲ್ಲಿ ಎರಡು ಚಕ್ರಕ್ಕೂ ಸಂಬಂಧ ಇಲ್ಲ. ಒಂದು ಮೇಲೆ ಹೋದರೆ ಇನ್ನೊಂದು ತನ್ನ ಸ್ಪ್ರಿಂಗ್ ಎಷ್ಟು ಬಿಡುತ್ತದೋ ಅಷ್ಟೇ ಇಳಿಯುತ್ತದೆ, ಆಮೇಲೆ ಗಾಳಿಯಲ್ಲಿ. ಇನ್ನೊಂದು ವ್ಯತ್ಯಾಸವನ್ನು ಬಹಳ ಜನ ಗಮನಿಸುವುದಿಲ್ಲ. ಸಾಲಿಡ್ ಆಕ್ಸಲ್ಲಿನ ಹೊಟ್ಟೆ ನೆಲದಿಂದ ಎಷ್ಟು ಮೇಲಿದೆ ಅನ್ನುವುದನ್ನು ಟೈರಿನ ಅಳತೆ ತೀರ್ಮಾನಿಸುತ್ತದೆ. ಸ್ಪ್ರಿಂಗ್ ಎಷ್ಟು ಅದುಮಿದರೂ ಅದು ಬದಲಾಗುವುದಿಲ್ಲ. ಐಎಫ್‌ಎಸ್‌ನಲ್ಲಿ ಡಿಫರೆನ್ಷಿಯಲ್ ಫ್ರೇಮಿಗೆ ಅಂಟಿಕೊಂಡಿರುತ್ತದೆ. ಗಾಡಿ ಮುಂದಕ್ಕೆ ಕುಕ್ಕಿದಾಗ ಅದೂ ಕೆಳಗೆ ಬರುತ್ತದೆ. ಕಲ್ಲಿನ ಮೆಟ್ಟಿಲಿನಿಂದ ಇಳಿಯುವಾಗ ಹೊಟ್ಟೆಯ ಕೆಳಗಿನ ರಕ್ಷಣೆಯ ತಗಡು, ಸ್ಕಿಡ್ ಪ್ಲೇಟ್, ಬಡಿಯುವುದು ಅದಕ್ಕೇ.

ಮೊದಲು ಟೇಪ್ ಹಿಡಿದೆ

ಬದಲಿಸುವ ಮಾತಿಗೆ ಮೊದಲು ಈಗಿರುವುದು ಎಷ್ಟು ಓಡಾಡುತ್ತದೆ ಅಂತ ನೋಡಬೇಕಲ್ವಾ? ಗ್ಯಾರೇಜಿನ ಸಮ ನೆಲದ ಮೇಲೆ ನಿಲ್ಲಿಸಿ, ಹಬ್ಬಿನ ನಡುವಿನಿಂದ ಫೆಂಡರ್ ಅಂಚಿಗೆ ಅಳೆದೆ. ಆಮೇಲೆ ಫ್ರೇಮಿಗೆ ಜಾಕ್ ಕೊಟ್ಟು ಚಕ್ರ ನೆಲ ಬಿಡುವವರೆಗೆ ಎತ್ತಿ, ಮತ್ತೆ ಅಳೆದೆ. ಚಕ್ರ ಕೆಳಗಿಳಿದದ್ದು ಒಂದು ಇಂಚು ಚಿಲ್ಲರೆ. ಅಷ್ಟಕ್ಕೇ ಚಕ್ರವನ್ನು ಫ್ರೇಮಿಗೆ ಹಿಡಿದಿಡುವ ಎರಡು ತೋಳುಗಳಲ್ಲಿ ಮೇಲಿನದು, ಮೇಲಿನ ಆರ್ಮ್, ರಬ್ಬರ್ ಸ್ಟಾಪಿಗೆ ಹೋಗಿ ಕೂತಿತ್ತು.

ಗಾಡಿಯನ್ನು ನನಗೆ ಮಾರಿದವರು ಟಾರ್ಷನ್ ಬಾರ್ ತಿರುಗಿಸಿ ಮುಂಭಾಗ ಎತ್ತಿದ್ದರು. ಇದು ಬಹಳ ಕಡೆ ಕಾಣುವ ಕೆಲಸ. ಈ ಗಾಡಿಯಲ್ಲಿ ಕಾಯಿಲ್ ಸ್ಪ್ರಿಂಗ್ ಇಲ್ಲ. ಉದ್ದದ ಒಂದು ಉಕ್ಕಿನ ಸರಳು ಇದೆ. ಅದರ ಮುಂದಿನ ತುದಿ ಮೇಲಿನ ಆರ್ಮಿಗೆ, ಹಿಂದಿನ ತುದಿ ಟ್ರಾನ್ಸ್‌ಮಿಷನ್ ಹತ್ತಿರದ ಕ್ರಾಸ್ ಮೆಂಬರಿಗೆ. ಸರಳು ತಿರುಚಿಕೊಳ್ಳುವುದೇ ಸ್ಪ್ರಿಂಗ್. ಹಿಂದಿನ ತುದಿಯಲ್ಲಿ ಉದ್ದನೆಯ ಬೋಲ್ಟ್ ಇದೆ. ಅದನ್ನು ಬಿಗಿ ಮಾಡಿದರೆ ಮೂತಿ ಮೇಲೇಳುತ್ತದೆ. ಪಾನಾ ಒಂದಿದ್ದರೆ ಸಾಕು, ಕಾಸು ಖರ್ಚಿಲ್ಲ. ಆದರೆ ಒಟ್ಟು ಓಡಾಟ ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಆರ್ಮ್ ನಿಲ್ಲುವ ಜಾಗ ಮಾತ್ರ ಕೆಳಗೆ ಸರಿಯುತ್ತದೆ. ಮೇಲಕ್ಕೆ ಹೋಗುವ ದಾರಿ ಜಾಸ್ತಿ, ಕೆಳಕ್ಕೆ ಇಳಿಯುವ ದಾರಿ ಕಮ್ಮಿ.

ಸರಳು ಗಟ್ಟಿಯಾಗಿದೆ, ಅದಕ್ಕೇ ಗಾಡಿ ಕುಲುಕುತ್ತದೆ ಅಂತ ಜನ ಹೇಳುತ್ತಾರೆ. ಸರಳಿನ ಗಟ್ಟಿತನ ಅದರ ದಪ್ಪ, ಉದ್ದದ ಮೇಲೆ ಹೋಗುತ್ತದೆ, ಬೋಲ್ಟಿನಿಂದ ಬದಲಾಗುವುದಿಲ್ಲ. ಕುಲುಕುವುದು ಆರ್ಮ್ ಪ್ರತಿ ಗುಂಡಿಗೂ ಸ್ಟಾಪಿಗೆ ಬಡಿಯುವುದರಿಂದ. ಇಷ್ಟಲ್ಲದೆ ಡಿಫರೆನ್ಷಿಯಲ್ಲಿನಿಂದ ಚಕ್ರಕ್ಕೆ ಬಲ ಒಯ್ಯುವ ಬಾಗುವ ಶಾಫ್ಟಿನ, ಅಂದರೆ ಸಿವಿ ಆಕ್ಸಲ್ಲಿನ, ಕೋನ ಜಾಸ್ತಿಯಾಗಿ ಅದರ ರಬ್ಬರ್ ಬೂಟ್ ಹರಿಯುತ್ತದೆ. ಹೊರಗಿನ ಎಡ ಬೂಟ್ ಆಗಲೇ ಹರಿದು, ಗ್ರೀಸ್ ಚಕ್ರದ ಒಳಗೆಲ್ಲ ಚಿಮ್ಮಿತ್ತು.

ಅಂದರೆ ಟ್ರೇಲಿನಲ್ಲಿ ಮುಂದಿನ ಚಕ್ರ ಸುಲಭವಾಗಿ ಗಾಳಿಗೆ ಏಳುತ್ತಿದ್ದದ್ದರಲ್ಲಿ ಐಎಫ್‌ಎಸ್ ಪಾಲು ಎಷ್ಟು, ಆ ಬೋಲ್ಟಿನ ಪಾಲು ಎಷ್ಟು? ಇದು ಗೊತ್ತಾಗದೆ ಫ್ರೇಮಿಗೆ ಗ್ರೈಂಡರ್ ಇಡುವುದು ನನಗೆ ಸರಿ ಕಾಣಲಿಲ್ಲ.

ಎತ್ತಿದ ಮೇಲೆ ಉಳಿದದ್ದನ್ನೂ ನೋಡಿದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗ್ ಮತ್ತು ಬಾಲ್ ಜಾಯಿಂಟ್, ಎಡ ಬಲ ಹಿಡಿದರೆ ಟೈ ರಾಡ್. ಕೆಳಗಿನ ಬಾಲ್ ಜಾಯಿಂಟ್ ಎರಡೂ ಕಡೆ ಲೂಸ್. ಹೆಂಡತಿಯನ್ನು ಒಳಗೆ ಕೂರಿಸಿ ಸ್ಟೀರಿಂಗ್ ಅತ್ತಿತ್ತ ಆಡಿಸಲು ಹೇಳಿ ಕೆಳಗೆ ಮಲಗಿದೆ. ಸ್ಟೀರಿಂಗ್ ಸರಳುಗಳ ಇನ್ನೊಂದು ತುದಿಯನ್ನು ಹಿಡಿದಿಡುವ ಐಡ್ಲರ್ ಆರ್ಮ್ ಪಕ್ಕಕ್ಕೆ ತಿರುಗುವುದರ ಜೊತೆಗೆ ಮೇಲೆ ಕೆಳಗೂ ಕುಣಿಯುತ್ತಿತ್ತು. ಈ ಸಾಲಿನ ಟೊಯೋಟಾಗಳಲ್ಲಿ ಐಡ್ಲರ್ ಆರ್ಮಿನ ಬುಶ್ ಸವೆಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಎರಡು ಲಕ್ಷ ಮೈಲಿ ದಾಟಿದ ಗಾಡಿ, ಸವೆಯದೆ ಇನ್ನೇನು. ಹೈವೇಯಲ್ಲಿ ಗಾಡಿ ತೇಲಿದ ಹಾಗೆ ಆಗುತ್ತಿದ್ದದ್ದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಆಕ್ಸಲ್ ನೋಡಲು ಹೋದದ್ದು

ಅದೇ ಸಮಯಕ್ಕೆ ಆಬರ್ನ್ ಕಡೆ ಒಬ್ಬರು 1985ರ ಆಕ್ಸಲ್ ಮಾರುತ್ತಿದ್ದರು. ಹೋಗಿ ನೋಡಿದೆ. ಈ ಆಕ್ಸಲ್ಲಿನ ತುದಿಯಲ್ಲಿ ದೊಡ್ಡ ಉಕ್ಕಿನ ಗುಂಡು ಇರುತ್ತದೆ, ಅದನ್ನು ಸುತ್ತಿಕೊಂಡು ನಕಲ್ (knuckle), ಅಂದರೆ ಸ್ಟೀರಿಂಗ್ ಜೊತೆ ಚಕ್ರವನ್ನು ಹೊತ್ತು ತಿರುಗುವ ಭಾಗ, ತಿರುಗುತ್ತದೆ. ಒಳಗೆ ಇರುವ ಜಾಯಿಂಟಿಗೆ ಬರ್ಫೀಲ್ಡ್ ಅಂತ ಹೆಸರು. ನಕಲ್ ಒಳಗೆ ಇರಬೇಕಾದ್ದು ಗಟ್ಟಿ ಗ್ರೀಸ್. ಗುಂಡಿನ ಮೇಲೆ ಬಟ್ಟೆ ಒರೆಸಿ ನೋಡಿದರೆ ಕಪ್ಪು ನೀರು ನೀರಾದ ಎಣ್ಣೆ. ಒಳಗಿನ ಸೀಲ್ ಹೋಗಿ, ಡಿಫರೆನ್ಷಿಯಲ್ಲಿನ ಗೇರ್ ಆಯಿಲ್ ಗ್ರೀಸಿನ ಜೊತೆ ಕಲೆತಿದೆ ಅಂತ ಅರ್ಥ. ದೊಡ್ಡ ರೋಗವಲ್ಲ, ಆದರೆ ಎರಡೂ ನಕಲ್ ಪೂರ್ತಿ ಬಿಚ್ಚಬೇಕು. ಸೀಲ್, ಟ್ರನಿಯನ್ ಬೇರಿಂಗ್, ಶಿಮ್ ಎಲ್ಲ ಹೊಸದು. ಬೇರಿಂಗಿನ ಬಿಗಿ ಸರಿ ಇದೆಯಾ ಅಂತ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡುತ್ತಾರೆ. ಆ ಕೆಲಸ ನನಗೆ ಇಷ್ಟವೇ.

ಬೆಲೆ ಮಾತ್ರ ಇಷ್ಟವಾಗಲಿಲ್ಲ. ಈ ಆಕ್ಸಲ್ ಏಳೇ ವರ್ಷದ ಮಾಡೆಲ್‌ಗಳಲ್ಲಿ ಬಂದದ್ದು. ಎಲ್ಲರೂ ಅದರ ಹಿಂದೆ ಬಿದ್ದು ಈಗ ಗುಜರಿಯಲ್ಲಿ ಸಿಗುವುದೇ ಅಪರೂಪ. ಹೊಸ ಹೌಸಿಂಗ್ ತಯಾರಿಸಿ ಮಾರುವವರೂ ಇದ್ದಾರೆ, ಅದು ಇನ್ನೂ ದುಬಾರಿ.

ವಾಪಸ್ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಆಕ್ಸಲ್, ನಕಲ್ ಕಿಟ್, ಸ್ಪ್ರಿಂಗ್, ಮುಂದಿನ ಹ್ಯಾಂಗರ್, ಶ್ಯಾಕಲ್, ಶಾಕ್ ಕೂರಿಸುವ ಹೂಪ್, ಉದ್ದದ ಬ್ರೇಕ್ ಹೋಸ್, ಜಾಸ್ತಿ ಜಾರುವ ಮುಂದಿನ ಡ್ರೈವ್ ಶಾಫ್ಟ್, ಮೇಲಿನಿಂದ ಹೋಗುವ ಸ್ಟೀರಿಂಗ್ ಆರ್ಮ್. ಐಎಫ್‌ಎಸ್ ಗಾಡಿಯ ಸ್ಟೀರಿಂಗ್ ಬಾಕ್ಸ್ ಅಡ್ಡಕ್ಕೆ ತಳ್ಳುವ ಬಗೆಯದು, ಆದ್ದರಿಂದ ಅದನ್ನೇ ಉಳಿಸಿಕೊಳ್ಳಬಹುದು, ಅದೊಂದು ಲಾಭ. ಹಳೆ ಸಾಲಿಡ್ ಆಕ್ಸಲ್ ಗಾಡಿಯವರು ಇದೇ ಬಾಕ್ಸನ್ನು ಹುಡುಕಿಕೊಂಡು ಹೋಗಿ ಹಾಕುತ್ತಾರೆ. ಆದರೆ ಅಗಲದ ತಾಪತ್ರಯ ಇದೆ. ಐಎಫ್‌ಎಸ್ ಗಾಡಿ ಹಳೆಯದಕ್ಕಿಂತ ಮೂರು ಇಂಚು ಅಗಲ. ಹಳೆ ಆಕ್ಸಲ್ ಹಾಗೇ ಹಾಕಿದರೆ ಮುಂದಿನ ಚಕ್ರ ಹಿಂದಿನದಕ್ಕಿಂತ ಒಂದೊಂದು ಕಡೆ ಒಂದೂವರೆ ಇಂಚು ಒಳಗೆ ನಿಲ್ಲುತ್ತದೆ. ಐಎಫ್‌ಎಸ್ ಹಬ್ಬುಗಳನ್ನು ಅದಕ್ಕೆ ವರ್ಗಾಯಿಸಿ ಸರಿ ಮಾಡಬಹುದು. ಮುಂದಿನ ಹಿಂದಿನ ಗೇರ್ ರೇಶಿಯೊ ಒಂದೇ ಇರಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಗೇರುಗಳು ಒಂದಕ್ಕೊಂದು ಜಗ್ಗಾಡುತ್ತವೆ. ದುಡಿಮೆ ನನ್ನದೇ ಅಂದುಕೊಂಡರೂ ಮೊತ್ತ ನಾಲ್ಕು ಸಾವಿರ ಡಾಲರ್ ದಾಟಿತು. ವೆಲ್ಡಿಂಗ್ ಕೂಲಿ ಅದರಲ್ಲಿ ಸೇರಿಲ್ಲ. ನನ್ನ ಹತ್ತಿರ ಇರುವುದು 120 ವೋಲ್ಟಿನ ಸಣ್ಣ ಮಿಗ್ ವೆಲ್ಡಿಂಗ್ ಮಷಿನ್. ಗೇಟಿಗೆ, ತಗಡಿಗೆ ಸರಿ. ಸ್ಟೀರಿಂಗ್, ಸ್ಪ್ರಿಂಗ್ ನೇತಾಡುವ ಫ್ರೇಮಿಗೆ ಅದನ್ನು ನಂಬಿ ಮಕ್ಕಳನ್ನು ಕೂರಿಸಿಕೊಂಡು ಹೋಗಲಾರೆ.

ದುಡ್ಡಿಗಿಂತ ನನ್ನನ್ನು ನಿಲ್ಲಿಸಿದ್ದು ಇನ್ನೊಂದು ವಿಷಯ. ಕೆಲಸದ ಸಾಲನ್ನು ಬರೆದು ನೋಡಿದೆ. ಮೇಲಿನ ಆರ್ಮಿನ ಬ್ರಾಕೆಟ್ ಕತ್ತರಿಸು, ಕೆಳಗಿನದು ಕತ್ತರಿಸು, ಡಿಫರೆನ್ಷಿಯಲ್ಲಿನ ಮೌಂಟ್ ಕತ್ತರಿಸು, ಫ್ರೇಮ್ ನುಣ್ಣಗೆ ಉಜ್ಜು. ಅಲ್ಲಿಂದ ಗಾಡಿಗೆ ಮುಂದಿನ ಚಕ್ರ ಇಲ್ಲ. ಹ್ಯಾಂಗರ್ ಟ್ಯಾಕ್ ಮಾಡಿ, ಸ್ಪ್ರಿಂಗ್ ಮೇಲೆ ಪೂರ್ತಿ ಭಾರ ಬಿಟ್ಟು, ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವುದು) ಮತ್ತು ಪಿನಿಯನ್ ಕೋನ (ಡ್ರೈವ್ ಶಾಫ್ಟ್ ಸೇರುವ ಮೂತಿಯ ಓರೆ) ಎರಡನ್ನೂ ನೋಡಿ, ಆಮೇಲೆ ಸ್ಪ್ರಿಂಗ್ ಕೂರುವ ಪರ್ಚ್ ಬೆಸುಗೆ. ಈ ಎರಡು ಕೋನಕ್ಕೆ ಬಹಳ ಸಲ ಹೊಂದಿಕೆ ಆಗುವುದಿಲ್ಲ. ಪಿನಿಯನ್ ಎತ್ತಿದರೆ ಕ್ಯಾಸ್ಟರ್ ಹೋಗುತ್ತದೆ, ಕ್ಯಾಸ್ಟರ್ ಹೋದರೆ ಹೈವೇಯಲ್ಲಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಎರಡೂ ಬೇಕೆಂದರೆ ಆಕ್ಸಲ್ಲಿನ ಗುಂಡನ್ನು ಬೆಸುಗೆಯಿಂದ ಬಿಡಿಸಿ ತಿರುಗಿಸಿ ಮತ್ತೆ ಬೆಸೆಯಬೇಕು. ಡ್ರೈವ್ ಶಾಫ್ಟ್ ಉದ್ದ ಅಳೆಯುವುದು ಇಷ್ಟೆಲ್ಲ ಆದ ಮೇಲೆ. ಆರ್ಡರ್ ಕೊಟ್ಟು ಕಾಯುವುದು ಆಮೇಲೆ.

ಈ ಸಾಲಿನಲ್ಲಿ ಭಾನುವಾರ ರಾತ್ರಿ ನಿಲ್ಲಿಸಿ ಸೋಮವಾರ ಬೆಳಿಗ್ಗೆ ಆಫೀಸಿಗೆ ಓಡಿಸಬಹುದಾದ ಒಂದು ಹಂತವೂ ಇಲ್ಲ. ಮೊದಲ ಬ್ರಾಕೆಟ್ ಕತ್ತರಿಸಿದ ಮೇಲೆ ಕೊನೆಯ ಬೋಲ್ಟ್ ಬಿಗಿಯುವವರೆಗೆ ಗಾಡಿ ಸ್ಟ್ಯಾಂಡ್ ಮೇಲೆ. ಬೇಡ ಅನ್ನಿಸಿದರೆ ಹಿಂದಕ್ಕೆ ಹೋಗಲು ದಾರಿಯೂ ಇಲ್ಲ. ಯಾವ ಆಕ್ಸಲ್ ಒಳ್ಳೆಯದು ಅಂತ ವಾದ ಮಾಡುವವರು ಇದನ್ನು ಹೇಳುವುದೇ ಇಲ್ಲ. ಅವರಲ್ಲಿ ಬಹಳಷ್ಟು ಜನಕ್ಕೆ ಮನೆಯಲ್ಲಿ ಇನ್ನೊಂದು ಗಾಡಿ ಇರುತ್ತದೆ.

ಗೆಳೆಯನ ಗಾಡಿಯಲ್ಲಿ ಆಫೀಸಿಗೆ

ಪ್ಲಾಸರ್‌ವಿಲ್‌ನಲ್ಲಿರುವ ಗೆಳೆಯನ ಹತ್ತಿರ 1988ರ ಇದೇ ಪಿಕಪ್ ಇದೆ. ಅದಕ್ಕೆ ಸಾಲಿಡ್ ಆಕ್ಸಲ್ ಹಾಕಿ ವರ್ಷಗಳಾದವು. 35 ಇಂಚಿನ ಟೈರ್, ಆಕ್ಸಲ್ಲಿನಲ್ಲಿ 5.29 ಗೇರ್, ಮುಂದೆ ಹಿಂದೆ ಲಾಕರ್, ಅಂದರೆ ಎಡ ಬಲ ಚಕ್ರ ಒಟ್ಟಿಗೇ ತಿರುಗುವ ಹಾಗೆ ಡಿಫರೆನ್ಷಿಯಲ್ ಬಿಗಿಯುವ ಸಾಧನ. ಕೆಲಸ ಅಚ್ಚುಕಟ್ಟು. ಒಂದು ವಾರ ಕೀ ಬದಲಾಯಿಸಿಕೊಳ್ಳೋಣ ಅಂದೆ, ಒಪ್ಪಿದ. ಟ್ರೇಲಿನಲ್ಲಿ ಅದು ಏನು ಮಾಡುತ್ತದೆ ಅಂತ ಆಗಲೇ ನೋಡಿದ್ದೆ. ನನಗೆ ಬೇಕಾಗಿದ್ದದ್ದು ಮಂಗಳವಾರ ಬೆಳಿಗ್ಗೆ ಎಂಟು ಗಂಟೆಯ ಹೈವೇ 50.

ಹೆದರಿದಷ್ಟು ಕೆಟ್ಟದಾಗಿರಲಿಲ್ಲ. ಡೆತ್ ವಾಬಲ್ ಅಂತ ಕರೆಯುವ ಆ ಮೈ ನಡುಗಿಸುವ ಅಲುಗಾಟ ಒಮ್ಮೆಯೂ ಬರಲಿಲ್ಲ. ಕ್ಯಾಸ್ಟರ್ ಸರಿ ಇಟ್ಟು, ಜಾಯಿಂಟುಗಳನ್ನು ಬಿಗಿ ಇಟ್ಟುಕೊಂಡರೆ ಅದು ಬರಲೇಬೇಕೆಂದಿಲ್ಲ. ಆದರೆ ಕೈಗೆ ಬಿಡುವಿಲ್ಲ. ಕಾಂಕ್ರೀಟಿನಲ್ಲಿ ಲಾರಿಗಳು ಕೊರೆದ ಗೆರೆ ಸಿಕ್ಕರೆ ಗಾಡಿ ಅದನ್ನು ಹಿಡಿದು ಹೋಗುತ್ತದೆ. ಎಡ ಚಕ್ರ ಗುಂಡಿಗೆ ಬಿದ್ದರೆ ಬಲ ಚಕ್ರಕ್ಕೂ ಗೊತ್ತಾಗುತ್ತದೆ, ಸ್ಟೀರಿಂಗಿಗೂ ಗೊತ್ತಾಗುತ್ತದೆ. ಆಕ್ಸಲ್, ಡಿಫರೆನ್ಷಿಯಲ್ ಎಲ್ಲ ಸ್ಪ್ರಿಂಗಿನ ಕೆಳಗೆ ಚಕ್ರದ ಜೊತೆಯೇ ಏಳಬೇಕು, ಇಳಿಯಬೇಕು. ಆ ತೂಕವನ್ನು ಶಾಕ್ ಅಬ್ಸಾರ್ಬರ್ ತಡೆಯುವಷ್ಟೇ ತಡೆಯುತ್ತದೆ.

ಗಂಟೆಗೆ 65 ಮೈಲಿಯಲ್ಲಿ ಅವನ ಇಂಜಿನ್ 2,800 ಸುತ್ತಿನ ಹತ್ತಿರ ಕೂಗುತ್ತದೆ. ನನ್ನದು 31 ಇಂಚಿನ ಟೈರು, 4.10 ಗೇರಿನಲ್ಲಿ ಅದೇ ವೇಗಕ್ಕೆ 2,450ರ ಆಸುಪಾಸು. 22ಆರ್‌ಇ ಹೊಸದರಲ್ಲಿ ಕೊಡುತ್ತಿದ್ದದ್ದೇ 116 ಅಶ್ವಶಕ್ತಿ. ದೊಡ್ಡ ಟೈರನ್ನು ಎದುರುಗಾಳಿಯಲ್ಲಿ ತಳ್ಳುವುದು ಅದಕ್ಕೆ ಸುಲಭವಲ್ಲ. ಆಫೀಸಿನ ಪಾರ್ಕಿಂಗ್ ಕಟ್ಟಡದ ಬಾಗಿಲಲ್ಲಿ ತೂಗುಹಾಕಿದ ಕೊಳವೆಗೂ ಗಾಡಿಯ ತಲೆಗೂ ನಡುವೆ ಒಂದು ಅಂಗೈ ಜಾಗ ಉಳಿಯಿತು. ಊರಿನಿಂದ ಬಂದಿದ್ದ ಅಮ್ಮನನ್ನು ಒಂದು ಸಂಜೆ ಅಂಗಡಿಗೆ ಕರೆದುಕೊಂಡು ಹೋಗಬೇಕಿತ್ತು. ಅವರು ಬಾಗಿಲು ತೆಗೆದು, ಸೀಟನ್ನು ನೋಡಿ, ನನ್ನನ್ನು ನೋಡಿ, ನಾಳೆ ಸೊಸೆ ಜೊತೆ ಹೋಗುತ್ತೇನೆ ಅಂದರು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಫ್ರೇಮ್ ನೆಲದಿಂದ ಎಷ್ಟು ಎತ್ತರ ಇರಬಹುದು ಅಂತ ತೂಕದ ವರ್ಗದ ಮೇಲೆ ಮಿತಿ ಇದೆ. 4,501ರಿಂದ 7,500 ಪೌಂಡ್ ವರ್ಗಕ್ಕೆ 30 ಇಂಚು. ಎರಡು ವರ್ಷಕ್ಕೊಮ್ಮೆ ಬರುವ ಸ್ಮಾಗ್ ಚೆಕ್ ಇಂಜಿನ್ ಮತ್ತು ಹೊಗೆ ನೋಡುತ್ತದೆ, ಆಕ್ಸಲ್ ಕೇಳುವುದಿಲ್ಲ. ವಿಮೆಯವರಿಗೆ ಹೇಳುವುದು ನಿಮ್ಮ ಕ್ಷೇಮಕ್ಕೆ. ಇದನ್ನು ಓದಿ ಬೆಂಗಳೂರಿನಲ್ಲಿ ಯಾರಾದರೂ ಹಳೆ ಥಾರ್ ಮುಂದೆ ಜಾಕ್ ಇಡುವ ಮೊದಲು ಒಂದು ಮಾತು. ಅದರಲ್ಲೂ ಮುಂದೆ ಇರುವುದು ಟಾರ್ಷನ್ ಬಾರ್ ಐಎಫ್‌ಎಸ್ಸೇ, ಆದ್ದರಿಂದ ಆಸೆ ಸಹಜ. ಆದರೆ ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆಕ್ಸಲ್ ಬದಲಿಸುವುದು ಸ್ಟಿಕ್ಕರ್ ಅಂಟಿಸಿದ ಹಾಗಲ್ಲ.

ಒಂದು ವಾರಾಂತ್ಯಕ್ಕೆ ಒಂದು ಕಡೆ

ಕೊನೆಗೆ ಮಾಡಿದ್ದು ಇದು. ಇದ್ದ ಐಎಫ್‌ಎಸ್ ಅನ್ನೇ ಪೂರ್ತಿ ಹೊಸದು ಮಾಡಿದೆ. ಇದರಲ್ಲಿ ನನಗೆ ಹಿಡಿಸಿದ್ದು, ಪ್ರತಿ ಭಾನುವಾರ ಸಂಜೆ ಗಾಡಿ ನಾಲ್ಕು ಚಕ್ರದ ಮೇಲೆ ನಿಲ್ಲುತ್ತದೆ ಅನ್ನುವುದು. ಮೊದಲು ಸ್ಟೀರಿಂಗ್ ಭಾಗ. ಐಡ್ಲರ್ ಆರ್ಮ್ ಹೊಸದು ಹಾಕಿ ಅದಕ್ಕೊಂದು ಬ್ರೇಸ್ ಕೊಟ್ಟೆ. ನಾಲ್ಕೂ ಟೈ ರಾಡ್ ಎಂಡ್ ಬದಲಿಸಿದೆ. ಹಳೆಯವನ್ನು ಬಿಚ್ಚುವ ಮೊದಲು ಎರಡೂ ತುದಿಯ ನಡುವಿನ ಉದ್ದ ಅಳೆದು ಬರೆದಿಟ್ಟುಕೊಂಡರೆ ಅಲೈನ್‌ಮೆಂಟ್ ಅಂಗಡಿಯವರೆಗೆ ಓಡಿಸುವಷ್ಟು ನೇರ ಇರುತ್ತದೆ.

ಆಮೇಲೆ ಎಡ ಬದಿ. ಹಬ್ ಬಿಚ್ಚಲು 54 ಎಂಎಂ ಸಾಕೆಟ್ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಆ ನಟ್ ತಿರುಗಿಸುವವರಿದ್ದಾರೆ, ನನ್ನದರ ಮೇಲೂ ಯಾರೋ ಹೊಡೆದ ಗುರುತು ಇತ್ತು. ಸಾಕೆಟ್‌ಗೆ ಆಗುವ ದುಡ್ಡು ಒಂದು ಊಟದಷ್ಟು, ದಯವಿಟ್ಟು ತೆಗೆದುಕೊಳ್ಳಿ. ಸಿವಿ ಆಕ್ಸಲ್ ಒಳತುದಿಯಲ್ಲಿ ಆರು ನಟ್, ಹೊರತುದಿಯಲ್ಲಿ ಲಾಕಿಂಗ್ ಹಬ್ ಒಳಗೆ ಒಂದು ಸ್ನ್ಯಾಪ್ ರಿಂಗ್. ಅಷ್ಟು ಬಿಚ್ಚಿದರೂ ಅದು ಹೊರಗೆ ಬರುವುದಿಲ್ಲ, ಜಾಗ ಸಾಲದು. ಕೆಳಗಿನ ಬಾಲ್ ಜಾಯಿಂಟನ್ನು ಆರ್ಮಿನಿಂದ ಬಿಡಿಸಿದರೆ ನಕಲ್ ವಾಲಿಕೊಂಡು ದಾರಿ ಬಿಡುತ್ತದೆ. ಬಾಲ್ ಜಾಯಿಂಟ್ ಹೇಗೂ ಬದಲಿಸಬೇಕಿತ್ತು, ಆದ್ದರಿಂದ ಎರಡು ಕೆಲಸ ಒಂದೇ ಬಿಚ್ಚಾಟದಲ್ಲಿ ಮುಗಿದವು. ವೀಲ್ ಬೇರಿಂಗಿಗೂ ಹೊಸ ಗ್ರೀಸ್ ತುಂಬಿದೆ.

ಮೇಲಿನ ಆರ್ಮಿನ ಬುಶ್ ಬಹಳ ಕಾಡಿತು. ಅದಕ್ಕೆ ಟಾರ್ಷನ್ ಬಾರ್ ತೆಗೆಯಲೇಬೇಕು. ಬೋಲ್ಟ್ ಬಿಡುವ ಮೊದಲು ಎಷ್ಟು ದಾರ ಹೊರಗಿದೆ ಅಂತ ಅಳೆದುಕೊಳ್ಳಿ. ಸರಳಿಗೂ ಅದು ಕೂರುವ ಎರಡೂ ತುದಿಯ ತೋಳಿಗೂ ಸೇರಿಸಿ ಬಣ್ಣದ ಗೆರೆ ಎಳೆಯಿರಿ. ಒಂದು ಹಲ್ಲು ಆಚೀಚೆ ಕೂತರೆ ಎತ್ತರ ಎಲ್ಲಿಗೋ ಹೋಗುತ್ತದೆ. ಎಡದ ಸರಳು ಎಡಕ್ಕೇ, ಬಲದ್ದು ಬಲಕ್ಕೇ. ಹಳೆ ರಬ್ಬರ್ ಬುಶ್ ಪ್ರೆಸ್ ಇಲ್ಲದೆ ಬರುವುದಿಲ್ಲ, ಸುಟ್ಟು ತೆಗೆಯುವವರೂ ಇದ್ದಾರೆ. ನಾನು ಪ್ರೆಸ್ ಇರುವ ಅಂಗಡಿಗೆ ಆರ್ಮ್ ಕೊಟ್ಟು ಬಂದೆ. ಆ ವಾಸನೆ ಮನೆಯ ಗ್ಯಾರೇಜಿನಲ್ಲಿ ಬೇಡ.

ಕೂರಿಸುವಾಗ ಎತ್ತರವನ್ನು ಫ್ಯಾಕ್ಟರಿ ಮಟ್ಟಕ್ಕಿಂತ ಒಂದು ಬೆರಳಿನಷ್ಟೇ ಮೇಲಿಟ್ಟೆ. ಮೂತಿ ಇಳಿಯಿತು. ನೋಡಲು ಮೊದಲಿನ ಗತ್ತು ಇಲ್ಲ, ಒಪ್ಪುತ್ತೇನೆ. ಆದರೆ ಈಗ ಜಾಕ್ ಕೊಟ್ಟರೆ ಚಕ್ರ ಮೂರು ಇಂಚಿನ ಹತ್ತಿರ ಇಳಿಯುತ್ತದೆ. ಮೇಲಿನ ಸ್ಟಾಪಿಗೆ ತೆಳ್ಳನೆಯ ರಬ್ಬರ್ ಹಾಕಿದ್ದರಿಂದ ಇನ್ನೂ ಸ್ವಲ್ಪ ಸಿಕ್ಕಿತು. ಅಲೈನ್‌ಮೆಂಟ್ ಮುಗಿಸಿ ಹೈವೇಗೆ ಬಂದಾಗ ಇದು ಅದೇ ಗಾಡಿಯಾ ಅನ್ನಿಸಿತು. ಆ ತೇಲಾಟ ಪೂರ್ತಿ ಹೋಗಿದೆ.

ಈ ಕೆಲಸಕ್ಕೆ ಆದ ಖರ್ಚು ಸಾಲಿಡ್ ಆಕ್ಸಲ್ ಲೆಕ್ಕದ ಕಾಲು ಭಾಗಕ್ಕಿಂತ ಕಮ್ಮಿ. ಉಳಿದ ದುಡ್ಡಿನಲ್ಲಿ ಎರಡು ಕೆಲಸ ಮಾಡಿಸಿದೆ. ಇವೆರಡೂ ಹೈವೇ ಓಡಾಟವನ್ನು ಮುಟ್ಟುವುದಿಲ್ಲ, ಅದಕ್ಕೇ ಆರಿಸಿಕೊಂಡೆ.

ಒಂದು, ಟ್ರಾನ್ಸ್‌ಫರ್ ಕೇಸಿನ ಲೋ ಗೇರ್, ಕಲ್ಲು ದಾರಿಯಲ್ಲಿ ನಿಧಾನಕ್ಕೆ ಹೋಗಲು ಹಾಕುವುದು. ಫ್ಯಾಕ್ಟರಿಯದು 2.28. ಅದನ್ನು 4.7 ಮಾಡುವ ಗೇರ್ ಸೆಟ್ ಸಿಗುತ್ತದೆ. ಗುಣಾಕಾರ ಮಾಡಿ ನೋಡಿ. ನನ್ನ ಗೇರ್‌ಬಾಕ್ಸಿನ ಮೊದಲ ಗೇರ್ ಸುಮಾರು 3.95, ಆಕ್ಸಲ್ 4.10. ಮೊದಲು ಒಟ್ಟು 37ಕ್ಕೆ ಒಂದು ಇತ್ತು, ಈಗ 76ಕ್ಕೆ ಒಂದು. ಐಡಲ್‌ನಲ್ಲಿ ಬಿಟ್ಟರೆ ಗಾಡಿ ಗಂಟೆಗೆ ಒಂದು ಮೈಲಿ ವೇಗದಲ್ಲಿ ಕಲ್ಲು ಹತ್ತುತ್ತದೆ. ಮೊದಲು ಇದರ ಎರಡರಷ್ಟು ವೇಗದಲ್ಲಿ ಕಲ್ಲಿಗೆ ಹೋಗಿ ಗುದ್ದುತ್ತಿದ್ದೆ, ಕ್ಲಚ್ ಸುಡುವ ವಾಸನೆ ಬರುತ್ತಿತ್ತು. ಹೈ ರೇಂಜಿನಲ್ಲಿ ಒಂದು ಸುತ್ತೂ ವ್ಯತ್ಯಾಸ ಇಲ್ಲ.

ಎರಡು, ಹಿಂದಿನ ಡಿಫರೆನ್ಷಿಯಲ್ಲಿಗೆ ಗಾಳಿಯಿಂದ ಹಾಕಿ ತೆಗೆಯುವ ಲಾಕರ್. ತಾನಾಗಿ ಲಾಕ್ ಆಗುವ ಜಾತಿ ಅಗ್ಗ. ಆದರೆ ಮಳೆಗಾಲದ ಬೆಳಿಗ್ಗೆ ಹೈವೇ ರಾಂಪಿನ ತಿರುವಿನಲ್ಲಿ ಅದು ಹಿಂಭಾಗವನ್ನು ತಳ್ಳುವುದು ನನಗೆ ಬೇಡ. ಬಟನ್ ಒತ್ತಿದಾಗ ಲಾಕ್, ಬಿಟ್ಟಾಗ ಸಾದಾ. ಟೊಯೋಟಾದ ಎಂಟು ಇಂಚಿನ ಹಿಂದಿನ ಡಿಫರೆನ್ಷಿಯಲ್ ಪೂರ್ತಿ ಒಂದು ಉಂಡೆಯಾಗಿ ಮುಂದಿನಿಂದ ಹೊರಬರುತ್ತದೆ. ಅದನ್ನು ಬಿಚ್ಚುವುದು, ಕೂರಿಸುವುದು ನಾನು. ಒಳಗಿನ ಗೇರ್ ಸೆಟ್ಟಿಂಗ್ ಮಾತ್ರ ಅದರಲ್ಲೇ ಕೈ ಪಳಗಿದವರಿಗೆ ಕೊಟ್ಟೆ.

ಮುಂದೆ ಲಾಕರ್ ಹಾಕಲಿಲ್ಲ, ಹಾಕುವುದೂ ಇಲ್ಲ. ಗೇರ್ ಇಳಿಸಿದ್ದರಿಂದ ಚಕ್ರಕ್ಕೆ ಹೋಗುವ ತಿರುಚು ಬಲ ಎರಡರಷ್ಟಾಗಿದೆ. ಮುಂದಿನ ಡಿಫರೆನ್ಷಿಯಲ್ ಏಳೂವರೆ ಇಂಚಿನದು, ಸಿವಿ ಸಣ್ಣದು. ಸಾದಾ ಡಿಫರೆನ್ಷಿಯಲ್ ಇದ್ದಾಗ ಹಿಡಿತ ಇಲ್ಲದ ಚಕ್ರ ಸುಮ್ನೆ ತಿರುಗಿಬಿಡುತ್ತದೆ, ಬಲ ಏರುವುದೇ ಇಲ್ಲ. ಅದೇ ಸಿವಿಯನ್ನು ಕಾಪಾಡುವುದು. ಲಾಕ್ ಮಾಡಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಒತ್ತಿದರೆ ಮುರಿಯುವುದು ಖಂಡಿತ. ಸಾಲಿಡ್ ಆಕ್ಸಲ್ಲಿನ ಫ್ಯಾಕ್ಟರಿ ಬರ್ಫೀಲ್ಡ್ ಕೂಡ 35 ಇಂಚಿನ ಟೈರಿನಲ್ಲಿ ಹಾಗೆ ಮಾಡಿದರೆ ಮುರಿಯುತ್ತದೆ. ಅದಕ್ಕೇ ಅವರು ಕ್ರೋಮೊಲಿ ಅನ್ನುವ ಗಟ್ಟಿ ಮಿಶ್ರ ಉಕ್ಕಿನದು ಹಾಕಿಸುತ್ತಾರೆ, ಆ ಖರ್ಚು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಪ್ರೇರಿ ಸಿಟಿ ಪಾರ್ಕ್ ಮನೆಯ ಹತ್ತಿರವೇ ಇದೆ, ಮೊದಲ ಪರೀಕ್ಷೆ ಅಲ್ಲಿನ ಕಲ್ಲಿನ ಅಂಕಣದಲ್ಲಿ. ಆಮೇಲೆ ರೈಟ್ಸ್ ಲೇಕ್ ಹತ್ತಿರದ ಬ್ಯಾರೆಟ್ ಲೇಕ್ ದಾರಿ. ಮೊದಲು ಚಕ್ರ ಎದ್ದು ನಿಂತುಬಿಡುತ್ತಿದ್ದ ಮೆಟ್ಟಿಲುಗಳಲ್ಲಿ ಈಗಲೂ ಮುಂದಿನ ಚಕ್ರ ಏಳುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ತಡವಾಗಿ ಏಳುತ್ತದೆ. ಅಷ್ಟರಲ್ಲಿ ಹಿಂದಿನ ಎರಡೂ ಚಕ್ರ ಲಾಕ್ ಆಗಿ ನಿಧಾನಕ್ಕೆ ತಳ್ಳುತ್ತಿರುತ್ತವೆ, ಗಾಡಿ ಮೇಲೆ ಬರುತ್ತದೆ. ನೋಡಲು ಚಂದವಲ್ಲ. ಗೆಳೆಯನ ಗಾಡಿ ಅದೇ ಜಾಗದಲ್ಲಿ ನಾಲ್ಕೂ ಚಕ್ರ ಊರಿಕೊಂಡು ಹೋಗುತ್ತದೆ. ಜೀಪಿನವರು 1953ರಿಂದ ಜಾತ್ರೆ ಮಾಡುತ್ತಿರುವ ರುಬಿಕಾನ್ ದಾರಿ ಇಲ್ಲಿಂದ ದೂರವಿಲ್ಲ. ಅಲ್ಲಿಗೆ ನಾನು 31 ಇಂಚಿನ ಟೈರಿನಲ್ಲಿ ಒಬ್ಬನೇ ಹೋಗುವುದಿಲ್ಲ. ಅವನ ಪಕ್ಕದ ಸೀಟಿನಲ್ಲಿ ಹೋಗುತ್ತೇನೆ.

ಹಾಗಾದರೆ ಸಾಲಿಡ್ ಆಕ್ಸಲ್ ಆಸೆ ಪೂರ್ತಿ ಬಿಟ್ಟಿದ್ದೇನಾ? ಇಲ್ಲ. ಮನೆಗೆ ಮೂರನೇ ಗಾಡಿ ಬಂದು, ಈ ಪಿಕಪ್ ತಿಂಗಳುಗಟ್ಟಲೆ ಸ್ಟ್ಯಾಂಡ್ ಮೇಲೆ ನಿಂತರೂ ಯಾರ ಕೆಲಸವೂ ಕೆಡುವುದಿಲ್ಲ ಅನ್ನುವ ಹಾಗಾದರೆ ಮಾಡುತ್ತೇನೆ. ಇಲ್ಲವೇ 35 ಇಂಚಿನ ಟೈರ್ ಮತ್ತು ಮುಂದಿನ ಲಾಕರ್ ಬೇಕೇ ಬೇಕು ಅನ್ನಿಸಿದಾಗ. ಈ ಎರಡೂ ಬೇಕೆಂದ ಮೇಲೆ ಐಎಫ್‌ಎಸ್ ಜೊತೆ ಗುದ್ದಾಡುವುದರಲ್ಲಿ ಅರ್ಥವಿಲ್ಲ. ಅಲ್ಲಿಯವರೆಗೆ ಸೀಟಿನ ಹಿಂದೆ ಒಂದು ಸಿವಿ ಆಕ್ಸಲ್, 54ರ ಸಾಕೆಟ್ ಮತ್ತು ಸ್ನ್ಯಾಪ್ ರಿಂಗ್ ಇಕ್ಕಳ ಇಟ್ಟುಕೊಂಡಿದ್ದೇನೆ. ಟ್ರೇಲಿನಲ್ಲಿ ಮುರಿದರೆ ಅಲ್ಲೇ ಬದಲಿಸಿ ಸೋಮವಾರಕ್ಕೆ ಮನೆ ಸೇರಬಹುದು.

ಸದ್ಯಕ್ಕೆ ಕೈಯಲ್ಲಿರುವ ಕೆಲಸ ಬೇರೆ. ಲಾಕರ್ ಹಾಕಲು ಹಿಂದಿನ ಆಕ್ಸಲ್ ಶಾಫ್ಟ್ ಎಳೆದಾಗ ಬಲಗಡೆ ಡ್ರಮ್ ಒಳಗೆ ಎಣ್ಣೆ ಕಂಡಿತು. ಒಳಗಿನ ಸೀಲ್ ಸೋರುತ್ತಿದೆ, ಬ್ರೇಕ್ ಶೂ ನೆನೆದಿದೆ. ಸೀಲ್, ಬೇರಿಂಗ್, ಶೂ ಮೂರೂ ತರಿಸಿದ್ದೇನೆ. ಈ ಶನಿವಾರ ಬಲ ಬದಿ, ಮುಂದಿನ ಶನಿವಾರ ಎಡ.